ಟ್ಯೂಷನ್, ಮಳೆ, ಮೊಬೈಲ್ ನಡುವೆ ಮಕ್ಕಳಿಗೆ ದಿನಕ್ಕೊಂದು ಗಂಟೆ ಆಟ ಹೊಂದಿಸುವುದು ಹೇಗೆ

ಮೊದಲು ಒಂದು ಲೆಕ್ಕ ಹೇಳಿಬಿಡುತ್ತೇನೆ, ಆಮೇಲೆ ನಮ್ಮ ಮಂಗಳೂರು-ಉಡುಪಿಯ ರಗಳೆಗೆ ಬರೋಣ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಜೋರಾಗುವಷ್ಟು ಓಡಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ವಾರದಲ್ಲಿ ಮೂರು ದಿನವಾದರೂ ಏದುಸಿರು ಬರುವಂಥ ಆಟ ಇರಬೇಕು, ಮೂಳೆ ಮತ್ತು ಸ್ನಾಯು ಗಟ್ಟಿಯಾಗುವ ಹಾಗೆ ಜಿಗಿಯುವುದು, ಹತ್ತುವುದು, ಎಳೆಯುವುದು ಇರಬೇಕು. ಅಷ್ಟೇ. ಇದನ್ನು ಮುಟ್ಟದ ಮಕ್ಕಳೇ ಜಾಸ್ತಿ: 146 ದೇಶಗಳ 11ರಿಂದ 17 ವಯಸ್ಸಿನ ಮಕ್ಕಳ ಮಾಹಿತಿ ಒಟ್ಟು ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜಗತ್ತಿನಲ್ಲಿ ಶೇ. 81, ಭಾರತದಲ್ಲಿ ಸುಮಾರು ಶೇ. 74 ಮಕ್ಕಳಿಗೆ ಆ ಒಂದು ಗಂಟೆ ಸಿಗುತ್ತಿಲ್ಲ. ಹಾಗಾಗಿ ನಿಮ್ಮ ಮಗ ಒಬ್ಬನೇ ಸೋಮಾರಿ ಅಂತ ಬೈಯುತ್ತಾ ಕೂರಬೇಡಿ. ಅವನ ದಿನವನ್ನು ನಾವೇ ಹಾಗೆ ಮಾಡಿ ಇಟ್ಟಿದ್ದೇವೆ.

ಎಷ್ಟು ಜೋರಾಗಿ ಆಡಬೇಕು ಅಂತ ತಿಳಿಯಲು ವಾಚು, ಆ್ಯಪು ಏನೂ ಬೇಡ. ಆಡುತ್ತಾ ಮಾತಾಡಲು ಆಗುತ್ತದೆ, ಆದರೆ ಹಾಡಲು ಆಗುವುದಿಲ್ಲ ಅಂದರೆ ಸಾಕಷ್ಟಾಯಿತು. ನಾಲ್ಕು ಮಾತು ಹೇಳುವಷ್ಟರಲ್ಲಿ ಉಸಿರು ಎಳೆದುಕೊಳ್ಳಬೇಕಾಯಿತು ಅಂದರೆ ಅದು ಜೋರಿನ ಆಟ. ಬೆವರನ್ನು ಮಾತ್ರ ನಂಬಬೇಡಿ ಮಾರಾಯ್ರೆ, ನಮ್ಮ ಏಪ್ರಿಲ್ ಸೆಖೆಗೆ ಫ್ಯಾನಿನ ಕೆಳಗೆ ಕೂತು ಹೋಂವರ್ಕ್ ಮಾಡಿದರೂ ಅಂಗಿ ಒದ್ದೆಯಾಗುತ್ತದೆ. ಇನ್ನೊಂದು, ಈ 60 ನಿಮಿಷ ಒಟ್ಟಿಗೆ ಆಗಬೇಕು ಅಂತ ಇಲ್ಲ. ಬೆಳಗ್ಗೆ ಹತ್ತು, ಮಧ್ಯಾಹ್ನ ಊಟದ ಬಿಡುವಿನಲ್ಲಿ ಹದಿನೈದು, ಸಂಜೆ ಉಳಿದದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಒಂದು ಮಾಮೂಲಿ ದಿನ ಬರೆದು ನೋಡಿ

ಶಾಲೆ ಇರುವ ಒಂದು ದಿನ ಹಿಡಿಯಿರಿ, ಮಂಗಳವಾರವೋ ಬುಧವಾರವೋ. ಮಗು ಏಳುವುದರಿಂದ ಮಲಗುವವರೆಗೆ ಎಲ್ಲಿತ್ತು, ಕೂತಿತ್ತಾ ಓಡುತ್ತಿತ್ತಾ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಶಾಲೆಯ ಹೊತ್ತಿನದ್ದು ಮಗುವನ್ನೇ ಕೇಳಿ. ಸಾಮಾನ್ಯವಾಗಿ ಸಿಗುವ ಚಿತ್ರ ಹೀಗೆ: ಏಳೂವರೆಗೆ ವ್ಯಾನು, ಸುರತ್ಕಲ್ ಕಡೆಯಿಂದ ಊರೆಲ್ಲ ಸುತ್ತಿ ಶಾಲೆ ಮುಟ್ಟಲು ಮುಕ್ಕಾಲು ಗಂಟೆ, ಸಂಜೆ ಮತ್ತೆ ಅಷ್ಟೇ. ಪಿ.ಟಿ. ಪೀರಿಯಡ್ ವಾರಕ್ಕೆ ಎರಡು ಅಂತ ಟೈಂಟೇಬಲ್‌ನಲ್ಲಿ ಇದೆ, ಅದರಲ್ಲಿ ಒಂದನ್ನು ಗಣಿತದ ಟೀಚರ್ ಪೋರ್ಶನ್ ಮುಗಿಸಲು ತೆಗೆದುಕೊಂಡಿರುತ್ತಾರೆ. ಮನೆಗೆ ಬಂದು ಬನ್ಸ್ ತಿನ್ನುವಾಗ ಮೊಬೈಲು, ಐದೂವರೆಗೆ ಟ್ಯೂಷನ್, ಏಳೂವರೆಗೆ ಬಂದು ಹೋಂವರ್ಕ್. ಓಡಿದ್ದು ಎಷ್ಟು ಅಂದರೆ, ಗೇಟಿನಿಂದ ವ್ಯಾನಿಗೆ!

ಈ ಹಾಳೆ ಕೈಯಲ್ಲಿದ್ದರೆ ಎಲ್ಲಿ ಕತ್ತರಿ ಹಾಕಬಹುದು ಅಂತ ನಿಮಗೇ ಕಾಣುತ್ತದೆ. ಹೆಚ್ಚಿನ ಮನೆಗಳಲ್ಲಿ ಸಿಗುವ ಜಾಗ ಒಂದೇ, ಶಾಲೆಯಿಂದ ಬಂದು ಟ್ಯೂಷನ್‌ಗೆ ಹೊರಡುವ ನಡುವಿನ ಹೊತ್ತು. ಅಲ್ಲಿ ಮೊಬೈಲ್ ಒಮ್ಮೆ ಕೈಗೆ ಬಂದರೆ ಮುಗಿಯಿತು, ಕಸಿದುಕೊಳ್ಳುವಾಗ ಜಗಳ. ಅದಕ್ಕೆ ಕ್ರಮವನ್ನೇ ತಿರುಗಿಸಿ. ಯೂನಿಫಾರ್ಮ್ ಬದಲಾಯಿಸಿದ ಕೂಡಲೇ ಆಟದ ಚಡ್ಡಿ ಹಾಕಲಿ, ಸೋಫಾಕ್ಕೆ ಹೋಗುವ ಮೊದಲೇ. ಹೊಟ್ಟೆಗೆ ಬಾಳೆಹಣ್ಣೋ, ಒಂದು ಮುಷ್ಟಿ ಅವಲಕ್ಕಿಯೋ ಕೊಟ್ಟು ಹೊರಗೆ ಕಳಿಸಿ. ಗೋಳಿಬಜೆ ಆಟದ ಮೇಲೆ ಆಗಲಿ. ಟ್ಯೂಷನ್ ಮೇಡಂ ಹತ್ತಿರ ಮಾತಾಡಿ ಅರ್ಧ ಗಂಟೆ ಹಿಂದೆ-ಮುಂದೆ ಮಾಡಿಸಿಕೊಳ್ಳಲು ಆಗುತ್ತದಾ ಕೇಳಿ. ಆರಕ್ಕೆ ಬನ್ನಿ ಅಂದರೆ ಅವರಿಗೇನೂ ನಷ್ಟ ಇಲ್ಲ.

ಶಾಲೆಗೆ ನಡೆದು ಹೋಗಿ ಅಂತ ನಾನು ಸುಲಭಕ್ಕೆ ಹೇಳುವುದಿಲ್ಲ. ಫುಟ್‌ಪಾತ್ ಇರುವ ಓಣಿ, ಒಳದಾರಿ ಇದ್ದರೆ ಖಂಡಿತ ನಡೆಯಲಿ. ಆದರೆ ಹೆದ್ದಾರಿ 66ರ ಬದಿಯಲ್ಲಿ ಬಸ್ಸು ಲಾರಿಗಳ ನಡುವೆ ಬ್ಯಾಗು ಹೊತ್ತ ಮಗುವನ್ನು ನಡೆಸಿ ಆರೋಗ್ಯ ಸಂಪಾದಿಸಬೇಕಾಗಿಲ್ಲ. ಬ್ಯಾಗಿನ ಮಾತು ಬಂತಲ್ಲ, ಮಗುವಿನ ತೂಕದ ಶೇ. 10ಕ್ಕಿಂತ ಜಾಸ್ತಿ ಭಾರ ಇರಬಾರದು ಅಂತ ನಿಯಮ ಇದೆ. 30 ಕೆ.ಜಿ. ಮಗುವಿಗೆ 3 ಕೆ.ಜಿ. ಒಮ್ಮೆ ತಕ್ಕಡಿಗೆ ಹಾಕಿ ನೋಡಿ. ಬೆನ್ನು ನೋವು ಅಂತ ಆಟಕ್ಕೆ ಹೋಗದ ಮಕ್ಕಳಲ್ಲಿ ಎಷ್ಟೋ ಸಲ ಕಾರಣ ಅಲ್ಲೇ ಸಿಗುತ್ತದೆ.

ಕೋಚಿಂಗ್‌ಗೆ ಹಾಕಿದರೆ ಆಯಿತಾ?

ಇಲ್ಲಿ ಸ್ವಲ್ಪ ಖಾರವಾಗಿ ಹೇಳುತ್ತೇನೆ. ಕ್ರಿಕೆಟ್ ಕೋಚಿಂಗ್, ಸ್ಕೇಟಿಂಗ್, ಕರಾಟೆ, ಇವುಗಳಿಗೆ ಫೀಸು ಕಟ್ಟಿದ ಕೂಡಲೇ ಮಗು ಆಡಿತು ಅಂತ ನಾವು ನೆಮ್ಮದಿಯಾಗುತ್ತೇವೆ. ಒಂದು ದಿನ ಸುಮ್ನೆ ಗ್ಯಾಲರಿಯಲ್ಲಿ ಕೂತು ನಿಮ್ಮ ಮಗುವನ್ನು ಮಾತ್ರ ನೋಡಿ, ಬೇರೆಯವರನ್ನು ಬೇಡ. ಹದಿನೆಂಟು ಮಕ್ಕಳಿಗೆ ಒಂದು ನೆಟ್ ಇದ್ದರೆ ಏನಾಗುತ್ತದೆ? ಪ್ಯಾಡ್ ಕಟ್ಟಿಕೊಂಡು ಸಾಲಿನಲ್ಲಿ ನಿಲ್ಲುವುದು, ಆರು ಬಾಲ್ ಆಡುವುದು, ಮತ್ತೆ ಪ್ಯಾಡ್ ಬಿಚ್ಚಿ ಬೌಂಡರಿ ಹತ್ತಿರ ಹುಲ್ಲು ಕೀಳುತ್ತಾ ಕೂರುವುದು. ಒಂದೂವರೆ ಗಂಟೆಯ ಕ್ಲಾಸಿನಲ್ಲಿ ಕಾಲು ಆಡಿದ್ದು ಎಷ್ಟು ನಿಮಿಷ ಅಂತ ಲೆಕ್ಕ ಹಾಕಿ. ಕೋಚ್ ಕೆಟ್ಟವರು ಅಂತ ಅಲ್ಲ. ಬ್ಯಾಟಿಂಗ್ ಕಲಿಸಲು ಅದು ಸರಿ, ಆದರೆ ದಿನದ ಗಂಟೆ ಅದರಿಂದ ತುಂಬುವುದಿಲ್ಲ. ಅದೇ ಹೊತ್ತಿನಲ್ಲಿ ಓಣಿಯಲ್ಲಿ ಐದು ಮಕ್ಕಳು ಲಗೋರಿ ಆಡಿದರೆ ಐದೂ ಮಕ್ಕಳು ಇಡೀ ಹೊತ್ತು ಓಡುತ್ತಿರುತ್ತಾರೆ. ಖೋ ಖೋ, ಕಬಡ್ಡಿ, ಮುಟ್ಟಾಟ, ಕಳ್ಳ-ಪೊಲೀಸ್ ಹಾಗೆಯೇ. ಕುಂಟೆಬಿಲ್ಲೆಯಲ್ಲಿ ಒಂಟಿ ಕಾಲಲ್ಲಿ ಜಿಗಿಯುವುದು ಇದೆಯಲ್ಲ, ಮೂಳೆ ಗಟ್ಟಿಯಾಗಲು ವೈದ್ಯರು ಹೇಳುವುದೂ ಅಂಥದ್ದನ್ನೇ. ನೆಲಕ್ಕೆ ಬಡಿದು ಬರುವ ಒತ್ತಡದಿಂದ ಮೂಳೆ ದಪ್ಪವಾಗುತ್ತದೆ, ಮತ್ತು ಜೀವನಕ್ಕೆ ಬೇಕಾದ ಮೂಳೆಯ ಬಹುಪಾಲು ಹದಿನೆಂಟು-ಇಪ್ಪತ್ತರೊಳಗೆ ಕಟ್ಟಿ ಮುಗಿದಿರುತ್ತದೆ.

ಕೋಚಿಂಗ್ ಮಗುವಿಗೆ ಇಷ್ಟ ಇದ್ದರೆ ಇರಲಿ, ಬಿಡಿಸಬೇಡಿ. ಅದನ್ನು ವಾರದ ಮೂರು ಜೋರಿನ ದಿನಗಳಲ್ಲಿ ಒಂದು ಅಂತ ಲೆಕ್ಕ ಹಿಡಿಯಿರಿ, ಅಷ್ಟೇ.

ಜಾಗ ಎಲ್ಲಿದೆ?

ಮಂಗಳೂರಿನಲ್ಲಿ ಮಂಗಳಾ ಕ್ರೀಡಾಂಗಣ, ನೆಹರೂ ಮೈದಾನ, ಕದ್ರಿ ಪಾರ್ಕ್ ಇವೆ. ಉಡುಪಿಯಲ್ಲಿ ಅಜ್ಜರಕಾಡು ಕ್ರೀಡಾಂಗಣ ಮತ್ತು ಪಕ್ಕದ ಪಾರ್ಕ್, ಮಣಿಪಾಲದಲ್ಲಿ ಮಣ್ಣಪಳ್ಳದ ಸುತ್ತ ನಡೆಯುವ ದಾರಿ. ಭಾನುವಾರ ಬೆಳಗ್ಗೆ ಪಣಂಬೂರೋ ತಣ್ಣೀರುಬಾವಿಯೋ ಮಲ್ಪೆಯೋ ಕಾಪುವೋ, ಒದ್ದೆ ಮರಳಿನಲ್ಲಿ ಬರಿಗಾಲಲ್ಲಿ ಓಡಿಸಿ, ಚೆಂಡು ಕೊಟ್ಟರೆ ಇನ್ನೂ ಒಳ್ಳೆಯದು. ಆದರೆ ಇವೆಲ್ಲ ವಾರಕ್ಕೊಮ್ಮೆಯ ಜಾಗಗಳು. ದಿನಕ್ಕೊಂದು ಗಂಟೆ ಬೇಕಾದರೆ ಆಟ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು. ಇಲ್ಲವಾದರೆ ಅಪ್ಪ ಆಫೀಸಿನಿಂದ ಬಂದು ಸ್ಕೂಟರ್ ತೆಗೆಯುವವರೆಗೆ ಕಾಯಬೇಕು, ಅವರು ಬರುವಾಗ ಏಳೂವರೆ.

ಹತ್ತಿರ ಅಂದರೆ ಅಂಗಳ, ಹಿತ್ತಲು, ಇಲ್ಲವೇ ಅಪಾರ್ಟ್‌ಮೆಂಟಿನ ಪಾರ್ಕಿಂಗ್. ಪಾರ್ಕಿಂಗಿನಲ್ಲಿ ‘ಇಲ್ಲಿ ಆಟ ಆಡಬಾರದು’ ಅಂತ ಬೋರ್ಡು ಇರುತ್ತದೆ. ಆ ಬೋರ್ಡನ್ನು ಒಪ್ಪಿಕೊಂಡು ಕೂರಬೇಡಿ, ಹೋಗಿ ಮಾತಾಡಿ. ಸೆಕ್ರೆಟರಿ ಕೇಳುವ ಪ್ರಶ್ನೆ ಎಲ್ಲ ಕಡೆ ಒಂದೇ:

“ಕಾರಿನ ಗಾಜು ಒಡೆದರೆ ಯಾರು ಕೊಡ್ತಾರೆ?”

“ಶೆಟ್ರೇ, ಐದರಿಂದ ಆರೂವರೆಗೆ ಅರ್ಧ ಕಾರು ಇರುವುದೇ ಇಲ್ಲ, ಎಲ್ಲರೂ ಕೆಲಸದಲ್ಲಿ ಇರ್ತಾರೆ. ಆ ಮೂಲೆಯಷ್ಟು ಬಿಡಿ. ಚೆಂಡು ಸ್ಪಂಜಿನದ್ದು ಮಾತ್ರ. ದಿನಕ್ಕೊಬ್ಬರು ದೊಡ್ಡವರು ಕೆಳಗೆ ಇರ್ತೇವೆ.”

ಹೊತ್ತು, ಮೂಲೆ, ಚೆಂಡು, ದೊಡ್ಡವರು, ಈ ನಾಲ್ಕನ್ನು ನೀವೇ ಮೊದಲು ಹೇಳಿದರೆ ಅವರ ಹತ್ತಿರ ಬೇಡ ಅನ್ನಲು ಹೆಚ್ಚು ಉಳಿಯುವುದಿಲ್ಲ. ಒಬ್ಬರೇ ಹೋಗಬೇಡಿ, ಮೂರ್ನಾಲ್ಕು ಮನೆಯವರು ಒಟ್ಟಿಗೆ ಹೋಗಿ. ಕೆಳಗೆ ಇರಲು ಅಜ್ಜ-ಅಜ್ಜಿ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಅವರಿಗೂ ಹೊತ್ತು ಹೋಗುತ್ತದೆ.

ಮಾರ್ಚ್‌ನಿಂದ ಮೇವರೆಗೆ ಐದು ಗಂಟೆಯೂ ಬೇಗವೇ. ಬಿಸಿಲು ಇಳಿದ ಮೇಲೆ ಬಿಡಿ, ರಜೆಯಲ್ಲಿ ಬೆಳಗ್ಗೆ ಎಂಟರೊಳಗೆ ಒಂದು ಸುತ್ತು ಮುಗಿಸಿ. ಇಲ್ಲಿ ಗಾಳಿಯಲ್ಲೇ ತೇವ ಜಾಸ್ತಿ, ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಹಾಗಾಗಿ ಒಣ ಊರಿಗಿಂತ ಬೇಗ ಸುಸ್ತಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ನೀರು. ಆಟ ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ಬೊಂಡ (ಎಳನೀರು), ಪುನರ್ಪುಳಿ ಶರಬತ್ತು, ಯಾವುದಾದರೂ ಆಗುತ್ತದೆ. ಬಣ್ಣಬಣ್ಣದ ಎನರ್ಜಿ ಡ್ರಿಂಕ್ ಬೇಡವೇ ಬೇಡ. ತಲೆನೋವು, ವಾಂತಿ ಬರುವ ಹಾಗೆ ಆಗುವುದು, ತಲೆ ತಿರುಗುವುದು ಕಂಡರೆ ಆ ದಿನದ ಆಟ ಅಲ್ಲಿಗೇ ನಿಲ್ಲಿಸಿ, ನೆರಳಿನಲ್ಲಿ ಕೂರಿಸಿ ನೀರು ಕೊಡಿ. ಏಪ್ರಿಲ್-ಮೇಯಲ್ಲೂ ಅಕ್ಟೋಬರ್ ಹೊತ್ತಿಗೂ ಸಂಜೆ ಗುಡುಗು ಶುರುವಾದರೆ ಮೈದಾನದಲ್ಲಿ, ಮರದ ಕೆಳಗೆ ಯಾರೂ ಇರಬಾರದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಹೊರಗೆ ಬಿಡಿ.

ಮಳೆಗಾಲಕ್ಕೆ ಎಂತ ಮಾಡೋದು?

ಇದೇ ನಮ್ಮ ಅಸಲಿ ತೊಂದರೆ. ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಇದು ಇರುವುದೇ ಇಲ್ಲ. ಜೂನ್‌ನಲ್ಲಿ ಶಾಲೆ ಶುರು, ಜೂನ್‌ನಲ್ಲೇ ಮಳೆ ಶುರು, ಸೆಪ್ಟೆಂಬರ್‌ವರೆಗೆ ಮೈದಾನ ಅಂದರೆ ಕೆರೆ. ಅಂದರೆ ಶಾಲಾ ವರ್ಷದ ಮೊದಲ ನಾಲ್ಕು ತಿಂಗಳು ಮಗು ಒಳಗೇ. ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿ ರಜೆ ಕೊಟ್ಟ ದಿನವಂತೂ ಬೆಳಗ್ಗೆಯಿಂದ ರಾತ್ರಿವರೆಗೆ ಪರದೆ ಮುಂದೆ.

ಮಳೆಗಾಲಕ್ಕೆ ಮನೆಯಲ್ಲಿ ಇರಲೇಬೇಕಾದ ವಸ್ತು ಅಂದರೆ ಸ್ಕಿಪ್ಪಿಂಗ್ ಹಗ್ಗ. ಜಗಲಿಯಲ್ಲಿ, ಪೋರ್ಟಿಕೋದಲ್ಲಿ, ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ, ಎಲ್ಲಿ ಬೇಕಾದರೂ ಆಗುತ್ತದೆ. ಹಗ್ಗದ ಉದ್ದ ಸರಿ ಇರಬೇಕು: ಮಗು ಹಗ್ಗದ ನಡುಭಾಗವನ್ನು ಮೆಟ್ಟಿ ನಿಂತರೆ ಎರಡು ಹಿಡಿಗಳೂ ಕಂಕುಳದವರೆಗೆ ಬರಬೇಕು. ಉದ್ದ ಜಾಸ್ತಿಯಾದರೆ ಕಾಲಿಗೆ ಸಿಕ್ಕಿ ಎರಡೇ ದಿನಕ್ಕೆ ಬೇಸರ ಬರುತ್ತದೆ. ಅರ್ಧ ನಿಮಿಷ ಹಾರುವುದು, ಅರ್ಧ ನಿಮಿಷ ನಿಲ್ಲುವುದು, ಹೀಗೆ ಹತ್ತು ಸುತ್ತಿನಿಂದ ಶುರು ಮಾಡಿ. ಕೆಳಗಿನ ಮನೆಯವರು ಬೈಯುತ್ತಾರೆ ಅಂದರೆ ಮೆಟ್ಟಿಲು ಇದೆ, ನಾಲ್ಕು ಮಹಡಿ ಹತ್ತಿ ಇಳಿಯುವುದು ದೊಡ್ಡವರಿಗೇ ಸಾಕಾಗುತ್ತದೆ.

ಇನ್ನು ನಮ್ಮ ಊರಿನದ್ದೇ ಒಂದು ಭಾಗ್ಯ ಇದೆ, ಯಕ್ಷಗಾನದ ಹೆಜ್ಜೆ. ಉಡುಪಿ ಕಡೆಯ ಎಷ್ಟೋ ಹೈಸ್ಕೂಲುಗಳಲ್ಲಿ ಮಕ್ಕಳಿಗೆ ಯಕ್ಷಗಾನ ಕಲಿಸುತ್ತಾರೆ, ಮಂಗಳೂರಿನಲ್ಲೂ ತರಗತಿಗಳಿವೆ, ನಡೆಯುವುದು ಛಾವಣಿಯ ಕೆಳಗೆ, ಮಳೆಯ ಹಂಗಿಲ್ಲ. ಮಂಡಿ ಬಗ್ಗಿಸಿ ಅರ್ಧ ಗಂಟೆ ತಾಳಕ್ಕೆ ಹೆಜ್ಜೆ ಹಾಕಿದ ಮಗುವನ್ನು ಕೇಳಿ ನೋಡಿ, ತೊಡೆ ಹೇಗಿದೆ ಅಂತ. ಧೀಂಗಿಣ, ಅಂದರೆ ಗಿರಗಿರನೆ ಸುತ್ತುತ್ತಾ ಹಾರುವುದನ್ನು ಕಲಿಯಲು ಶುರು ಮಾಡಿದ ಮೇಲೆ ಹೇಳುವುದೇ ಬೇಡ. ಅಷ್ಟಮಿ, ದಸರಾ ಹತ್ತಿರ ಬಂದರೆ ಹುಲಿವೇಷದ ತಾಸೆ ಪೆಟ್ಟು ಕೇಳಿದ ಕೂಡಲೇ ಮಕ್ಕಳು ತಾವಾಗಿಯೇ ಕುಣಿಯುತ್ತಾರೆ. ಮೊಬೈಲಿನಲ್ಲಿ ತಾಸೆ ಹಾಕಿ ಹಾಲ್‌ನಲ್ಲಿ ಬಿಟ್ಟುಬಿಡಿ, ಹದಿನೈದು ನಿಮಿಷದಲ್ಲಿ ನೆಲಕ್ಕೆ ಬೀಳುತ್ತಾರೆ. ಭರತನಾಟ್ಯವೂ ಆಯಿತು. ಚೆನ್ನೆಮಣೆ ಒಳ್ಳೆಯ ಆಟವೇ, ಆಡಿಸಿ, ಆದರೆ ಕೂತು ಆಡುವುದಲ್ಲ, ಈ ಲೆಕ್ಕಕ್ಕೆ ಬರುವುದಿಲ್ಲ.

ಮಳೆಯಲ್ಲಿ ಒದ್ದೆಯಾದರೆ ಶೀತ ಆಗುತ್ತದೆ ಅಂತ ಅಜ್ಜಿ ಬೈಯುತ್ತಾರೆ. ಶೀತ ಬರುವುದು ವೈರಸ್‌ನಿಂದ, ಬಾಗಿಲು ಹಾಕಿದ ಕೋಣೆಯಲ್ಲಿ ಹತ್ತು ಮಕ್ಕಳು ಕೂತಾಗ ಅದು ಇನ್ನೂ ಬೇಗ ಹರಡುತ್ತದೆ. ಹನಿ ಮಳೆಯಲ್ಲಿ ಫುಟ್‌ಬಾಲ್ ಆಡಿ ಬಂದ ಕೂಡಲೇ ಬಿಸಿನೀರು ಸ್ನಾನ, ಒಣ ಬಟ್ಟೆ, ಸಾಕು. ನಾನು ಹೆದರುವುದು ಬೇರೆ ಎರಡಕ್ಕೆ. ಮೊದಲನೆಯದು ಇಂಟರ್‌ಲಾಕ್ ಅಂಗಳ. ಜುಲೈ ಹೊತ್ತಿಗೆ ಇಂಟರ್‌ಲಾಕಿನ ಸಂದಿಯಿಂದ ಶುರುವಾಗಿ ಕಲ್ಲಿನ ಮೇಲೆಲ್ಲ ಹಸಿರು-ಕಪ್ಪು ಪಾಚಿ ಹಬ್ಬುತ್ತದೆ, ಒಣಗಿದ ಹಾಗೆ ಕಂಡರೂ ಜಾರುತ್ತದೆ, ಓಡುತ್ತಾ ತಿರುಗಿದ ಮಗು ಮೊಣಕೈ ಮೇಲೆ ಬೀಳುತ್ತದೆ. ಬ್ಲೀಚಿಂಗ್ ಪೌಡರ್ ನೀರು ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಗಟ್ಟಿ ಬ್ರಷ್‌ನಲ್ಲಿ ಉಜ್ಜಿ ತೊಳೆಯಬೇಕು, ಹದಿನೈದು ದಿನಕ್ಕೊಮ್ಮೆ. ಅಲ್ಲಿಯವರೆಗೆ ಮಣ್ಣಿನ ಜಾಗವೇ ವಾಸಿ. ಎರಡನೆಯದು ಇಲಿ ಜ್ವರ. ನಿಂತ ಕೆಸರು ನೀರಿನಲ್ಲಿ ಇಲಿಯ ಮೂತ್ರ ಸೇರಿದ್ದರೆ ಕಾಲಿನ ಗಾಯದಿಂದ ರೋಗಾಣು ಒಳಗೆ ಹೋಗುತ್ತದೆ. ತುಳುವಿನ ಆಟಿ ತಿಂಗಳಲ್ಲಿ, ಆಮೇಲೆ ಆಗಸ್ಟ್‌ನಲ್ಲಿ ‘ಕೆಸರ್ಡ್ ಒಂಜಿ ದಿನ’ (ಕೆಸರಿನಲ್ಲಿ ಒಂದು ದಿನ) ಅಂತ ಗದ್ದೆಯ ಆಟ ನಡೆಯುತ್ತದಲ್ಲ, ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ, ಗದ್ದೆಯಲ್ಲಿ ಓಡಿದ ಹಾಗಿನ ವ್ಯಾಯಾಮ ಯಾವ ಜಿಮ್ಮಿನಲ್ಲೂ ಸಿಗುವುದಿಲ್ಲ. ಕಾಲಲ್ಲಿ ಗಾಯ ಇದ್ದರೆ ಮಾತ್ರ ಆ ವರ್ಷ ದಡದಲ್ಲಿ ನಿಂತು ನೋಡಲಿ. ಕೆಸರಿಗೆ ಇಳಿದ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು ಬಂದರೆ ಡಾಕ್ಟರಿಗೆ ಕೆಸರಿನ ವಿಷಯ ಹೇಳಲು ಮರೆಯಬೇಡಿ.

ಸಮುದ್ರಕ್ಕೆ ಮಳೆಗಾಲದಲ್ಲಿ ಇಳಿಸುವ ಮಾತೇ ಇಲ್ಲ. ಈಜು ಕಲಿಯಬೇಕಾದರೆ ಕೊಳ ಇದೆ. ಒದ್ದೆ ಶೂಗೆ ಹಳೇ ಪೇಪರ್ ತುರುಕಿ ಫ್ಯಾನಿನ ಕೆಳಗೆ ಇಡಿ. ಮರುದಿನ ಶೂ ಒಣಗಿಲ್ಲ ಅನ್ನುವುದೇ ಆಟ ತಪ್ಪಲು ದೊಡ್ಡ ನೆಪ.

ಹುಡುಗಿಯರು, ಮತ್ತೆ ಆಟ ಬೇಡ ಅನ್ನುವ ಮಕ್ಕಳು

ಏಳನೇ ಕ್ಲಾಸಿನವರೆಗೆ ಹುಡುಗರ ಸಮ ಓಡುತ್ತಿದ್ದ ಹುಡುಗಿ ಎಂಟಕ್ಕೆ ಬರುವಾಗ ಮೆಟ್ಟಿಲ ಮೇಲೆ ಕೂತು ನೋಡಲು ಶುರು ಮಾಡುತ್ತಾಳೆ. ಅವಳಿಗೆ ಆಸಕ್ತಿ ಹೋಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಕೇಳಿದರೆ ಕಾರಣ ತುಂಬ ಸಣ್ಣದಾಗಿರುತ್ತದೆ: ಹಾಕಲು ಸರಿಯಾದ ಒಳಬಟ್ಟೆ ಇಲ್ಲ, ಶಾಲೆಯ ಪಿ.ಟಿ. ದಿನವೂ ಸ್ಕರ್ಟು, ಮುಟ್ಟಿನ ದಿನ ಕಲೆ ಆದರೆ ಅಂತ ಹೆದರಿಕೆ, ಯಾರೋ ದೊಡ್ಡವರು ‘ಇನ್ನೂ ಇವರ ಜೊತೆ ಆಡ್ತೀಯಾ’ ಅಂದದ್ದು. ಇದರಲ್ಲಿ ಅರ್ಧದಷ್ಟು ಅಮ್ಮ ಅಂಗಡಿಗೆ ಒಮ್ಮೆ ಹೋಗಿ ಬಂದರೆ ಸರಿಯಾಗುತ್ತದೆ. ಸ್ಪೋರ್ಟ್ಸ್ ಬ್ರಾ, ಗಾಢ ಬಣ್ಣದ ಟ್ರ್ಯಾಕ್ ಪ್ಯಾಂಟ್ ಕೊಡಿಸಿ. ಮುಟ್ಟಿನ ದಿನ ಆಡಬಾರದು ಅಂತ ವೈದ್ಯಕೀಯವಾಗಿ ಏನೂ ಇಲ್ಲ, ಆರಾಮ ಅನಿಸಿದಷ್ಟು ಆಡಲಿ. ಜೊತೆಗೆ ಇಬ್ಬರು ಗೆಳತಿಯರು ಸಿಕ್ಕಿದರೆ ತ್ರೋಬಾಲೋ ಶಟಲ್ಲೋ ತಾನಾಗಿ ನಡೆಯುತ್ತದೆ.

ದಪ್ಪ ಇರುವ ಮಗು, ನಿಧಾನದ ಮಗು, ಟೀಮ್ ಆರಿಸುವಾಗ ಕೊನೆಗೆ ಉಳಿಯುವ ಮಗು, ಇವರಿಗೆ ಸ್ಪರ್ಧೆ ಬೇಡ. ಸೈಕಲ್, ಈಜು, ನಾಯಿ ಜೊತೆ ಸುತ್ತು, ಅಪ್ಪನ ಜೊತೆ ಶಟಲ್, ಪಾಯಿಂಟ್ ಲೆಕ್ಕ ಇಲ್ಲದ್ದು. ‘ಸ್ವಲ್ಪ ತೂಕ ಇಳಿಸು’ ಅಂತ ಹೇಳಿ ಆಟಕ್ಕೆ ಕಳಿಸಿದರೆ ಆ ಆಟ ಶಿಕ್ಷೆಯಾಗುತ್ತದೆ. ಉಬ್ಬಸ ಇರುವ ಮಕ್ಕಳೂ ಆಡಬಹುದು, ಆಡಬೇಕು. ಇನ್‌ಹೇಲರ್ ಯಾವಾಗ ತೆಗೆದುಕೊಳ್ಳಬೇಕು ಅಂತ ಡಾಕ್ಟರ ಹತ್ತಿರ ಕೇಳಿಕೊಂಡು ಅದನ್ನು ಆಟದ ಚೀಲದಲ್ಲೇ ಇಡಿ. ಓಡುವಾಗ ಎದೆ ನೋವು, ಪ್ರಜ್ಞೆ ತಪ್ಪಿ ಬೀಳುವುದು ಒಮ್ಮೆ ಆದರೂ ಸರಿ, ಡಾಕ್ಟರಿಗೆ ತೋರಿಸದೆ ಮತ್ತೆ ಮೈದಾನಕ್ಕೆ ಬಿಡಬೇಡಿ.

ಪ್ರಯೋಜನ ಆಯಿತಾ ಅಂತ ನೋಡುವುದು ಹೇಗೆ

ತಕ್ಕಡಿ ಮೇಲೆ ನಿಲ್ಲಿಸಬೇಡಿ. ತೂಕ ಇಳಿಯದೆಯೂ ಮಗು ಎಷ್ಟೋ ಚೆನ್ನಾಗಿರಬಹುದು. ಮಕ್ಕಳ ಜೀವನ ಹೇಗಿದೆ ಅಂತ ಅಳೆಯಲು ಸಂಶೋಧಕರು ಬಳಸುವ ಪೆಡ್ಸ್‌ಕ್ಯೂಎಲ್ ಅನ್ನುವ ಪ್ರಶ್ನಾವಳಿ ಇದೆ, ಅಮೆರಿಕದಲ್ಲಿ ಮಾಡಿದ್ದು, 23 ಪ್ರಶ್ನೆ, ನಾಲ್ಕು ಭಾಗ: ಮೈ, ಮನಸ್ಸು, ಗೆಳೆಯರು, ಶಾಲೆ. ನಾವು ಅದರ ಫಾರಂ ತುಂಬಬೇಕಾಗಿಲ್ಲ, ಆ ನಾಲ್ಕು ಭಾಗ ನೆನಪಿಟ್ಟರೆ ಸಾಕು. ಮೆಟ್ಟಿಲು ಹತ್ತುವಾಗ ಸುಸ್ತು ಅನ್ನುವುದು ಕಡಿಮೆಯಾಯಿತಾ, ರಾತ್ರಿ ಬೇಗ ನಿದ್ದೆ ಬರುತ್ತದಾ, ಸಿಟ್ಟು ಎಷ್ಟು ಹೊತ್ತು ಇರುತ್ತದೆ, ಜೊತೆಗೆ ಆಡುವ ಒಬ್ಬರ ಹೆಸರನ್ನಾದರೂ ಹೇಳುತ್ತಾನಾ, ಕ್ಲಾಸಿನಲ್ಲಿ ಗಮನ ಕೊಡಲು ಆಗುತ್ತದಾ. ಶುರು ಮಾಡುವ ಮೊದಲು ಒಮ್ಮೆ, ತಿಂಗಳಾದ ಮೇಲೆ ಒಮ್ಮೆ. ಮುಖ್ಯ ವಿಷಯ ಅಂದರೆ ಮಗುವನ್ನೇ ಕೇಳಿ. ಆ ಪ್ರಶ್ನಾವಳಿಯಲ್ಲೂ ಮಗುವಿಗೆ ಬೇರೆ, ಅಪ್ಪ-ಅಮ್ಮನಿಗೆ ಬೇರೆ ಹಾಳೆ ಇರುತ್ತದೆ, ಯಾಕೆಂದರೆ ಎರಡು ಉತ್ತರ ಎಷ್ಟೋ ಸಲ ಹೊಂದುವುದಿಲ್ಲ. ನಾವು ‘ಅವನಿಗೆ ತುಂಬ ಫ್ರೆಂಡ್ಸ್’ ಅನ್ನುತ್ತೇವೆ, ಅವನು ‘ಯಾರೂ ಸೇರಿಸಿಕೊಳ್ಳುವುದಿಲ್ಲ’ ಅನ್ನುತ್ತಾನೆ.

ಹೆಚ್ಚು ಆಡುವ ಮಕ್ಕಳು ಈ ಎಲ್ಲದರಲ್ಲೂ ಸಾಮಾನ್ಯವಾಗಿ ಮೇಲೆ ಇರುತ್ತಾರೆ ಅಂತ ಅಧ್ಯಯನಗಳು ಹೇಳುತ್ತವೆ. ಆದರೆ ಖುಷಿಯಾಗಿರುವ ಮಗುವೇ ಆಟಕ್ಕೆ ಮುಂದೆ ಹೋಗುತ್ತದೆ ಅನ್ನುವುದೂ ನಿಜ ಅಲ್ವಾ? ಹಾಗಾಗಿ ಆಟಕ್ಕೆ ಬಿಟ್ಟ ಕೂಡಲೇ ಎಲ್ಲ ಸರಿಹೋಗುತ್ತದೆ ಅಂತ ಕಾಯಬೇಡಿ. ಮಂಕಾಗಿರುವ ಮಗು ಒಂದೆರಡು ತಿಂಗಳಾದರೂ ಹಾಗೇ ಇದ್ದರೆ ಬೇರೆ ಕಾರಣ ಹುಡುಕಬೇಕು. ನಿದ್ದೆಯನ್ನೂ ನೋಡಿ: 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ಬೇಕು. ಆಟಕ್ಕೆ ಹೊತ್ತು ಮಾಡಲು ನಿದ್ದೆ ಕಡಿದರೆ ಲೆಕ್ಕ ತಪ್ಪುತ್ತದೆ.

ಹತ್ತನೇ ಕ್ಲಾಸು ಬಂದರೆ?

ಇಲ್ಲಿ ಎಲ್ಲರೂ ಕೈಬಿಡುತ್ತಾರೆ. ನಮ್ಮ ಎರಡು ಜಿಲ್ಲೆಗಳ ಚಟ ಗೊತ್ತಲ್ಲ, ಎಸ್‌ಎಸ್‌ಎಲ್‌ಸಿಯಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೇದು. 2025ರಲ್ಲಿ ಅದಲು ಬದಲು. ಆ ಒತ್ತಡದಲ್ಲಿ ಮೊದಲು ಹೋಗುವುದು ಸಂಜೆಯ ಆಟ. ಹೋಗಲಿ ಬಿಡಿ ಅನ್ನಬೇಡಿ, ಒಡೆದು ಹಂಚಿ. ಬೆಳಗ್ಗೆ ಓದಲು ಕೂರುವ ಮೊದಲು ಹತ್ತು ನಿಮಿಷ ಹಗ್ಗ. ಪ್ರತಿ ಐವತ್ತು ನಿಮಿಷ ಓದಿಗೆ ಒಮ್ಮೆ ಎದ್ದು ಮೆಟ್ಟಿಲು ಇಳಿದು ಹತ್ತುವುದು. ಸಂಜೆ ಇಪ್ಪತ್ತೈದು ನಿಮಿಷ ಶಟಲ್ ಅಥವಾ ಬಾಸ್ಕೆಟ್‌ಬಾಲ್. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 9-10 ವರ್ಷದ ಮಕ್ಕಳನ್ನು 20 ನಿಮಿಷ ನಡೆಸಿ, ಆಮೇಲೆ ಗಮನದ ಪರೀಕ್ಷೆ ಕೊಟ್ಟು ನೋಡಿದ್ದರು, 2009ರಲ್ಲಿ ಪ್ರಕಟವಾಯಿತು. ಸುಮ್ಮನೆ ಕೂತ ದಿನಕ್ಕಿಂತ ನಡೆದ ದಿನ ಉತ್ತರ ಚೆನ್ನಾಗಿತ್ತು. ಇಪ್ಪತ್ತೇ ಮಕ್ಕಳ ಸಣ್ಣ ಪ್ರಯೋಗ, ರ‍್ಯಾಂಕ್ ಬರುತ್ತದೆ ಅಂತ ಅರ್ಥ ಅಲ್ಲ, ಆದರೆ ಅಜ್ಜ ‘ಓದುವ ಹೊತ್ತಲ್ಲಿ ಎಂತ ಆಟ’ ಅಂದಾಗ ಹೇಳಲು ಒಂದು ಮಾತಾಯಿತು. ಪ್ರಿಪರೇಟರಿ ಶುರುವಾಗುವ ಮೊದಲೇ ಈ ಹೊತ್ತನ್ನು ಓದಿನ ಟೈಂಟೇಬಲ್‌ನಲ್ಲೇ ಬರೆಸಿ ಗೋಡೆಗೆ ಅಂಟಿಸಿ, ಬಣ್ಣದ ಪೆನ್ನು ಮಗುವಿನ ಕೈಯಲ್ಲೇ ಇರಲಿ.